ಟ್ರಾಮ್ ಹಾದಿಯ ನಡಿಗೆ: ಐದಕ್ಕೆ ನಾಲ್ಕು

ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವಿನ ಒಂದು ಹೋಂಸ್ಟೇಯಲ್ಲಿ ಡಿಸೆಂಬರ್‌ನಲ್ಲಿ ಅಪ್ಪನ ಜೊತೆ ಎರಡು ದಿನ ತಂಗಿದ್ದೆ. ಕೋಣೆ ಚೊಕ್ಕಟ, ಅಕ್ಕಿ ರೊಟ್ಟಿ ಬಿಸಿ ಬಿಸಿ. ಅದಕ್ಕಿಂತ ಹೆಚ್ಚಾಗಿ ಹೇಳಬೇಕಿರುವುದು ಅವರು ಬೆಳಿಗ್ಗೆ ಆರೂವರೆಗೆ ಕರೆದೊಯ್ಯುವ ಹಳೆಯ ಟ್ರಾಮ್ ಹಾದಿಯ ನಡಿಗೆಯ ಬಗ್ಗೆ. ಟ್ರಾಮ್ ಎಂದರೆ ಈ ಎರಡು ಊರುಗಳ ನಡುವೆ ಹಿಂದೆ ಓಡುತ್ತಿದ್ದ ಪುಟ್ಟ ರೈಲು.

ಅಪ್ಪ ಅರಸೀಕೆರೆಯಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು, ಈಗ ಮಂಡಿ ನೋವು. ಅವರಿಗೆ ಆಗುತ್ತದೋ ಇಲ್ಲವೋ ಎಂಬ ಅಳುಕಿತ್ತು. ಕಾಫಿ ತೋಟದ ಅಂಚಿನಲ್ಲಿ ಅರ್ಧ ಗಂಟೆ ನಡೆದು ತಿರುಗಿ ನೋಡಿದರೆ ಹೋಂಸ್ಟೇಯ ಹೆಂಚು ಎಷ್ಟೋ ಕೆಳಗೆ ಕಾಣುತ್ತಿತ್ತು. ಏರಿದ್ದು ಗೊತ್ತೇ ಆಗಿರಲಿಲ್ಲ. "ಇದು ಗಾಡಿಗೆಂದು ಕಡಿದ ದಾರಿ ಮಗಳೇ, ಎಂಜಿನ್‌ಗೆ ಏದುಸಿರು ಬರಬಾರದು ಎಂದು ಹೀಗೆ ಬಳಸಿ ಬಳಸಿ ಏರಿಸುತ್ತಾರೆ" ಎಂದರು ಅಪ್ಪ. ಕಂಬಿಗಳ ನಡುವೆ ಇದ್ದದ್ದು ಎರಡೇ ಅಡಿ ಅಂತರ. ಅಷ್ಟು ಕಿರಿದಾದ್ದರಿಂದಲೇ ಬಿಗಿಯಾದ ತಿರುವುಗಳು ಸಾಧ್ಯವಾದವು, ಗುಡ್ಡ ಕಡಿಯುವ ಖರ್ಚು ಉಳಿಯಿತು.

ನಿಲ್ದಾಣವೆಂದರೆ ಕಟ್ಟಡವಿಲ್ಲ. ಮೊಣಕಾಲೆತ್ತರದ ಮಣ್ಣಿನ ದಿಬ್ಬ, ಅಂಚಿಗೆ ಕಲ್ಲು, ಮೇಲೊಂದು ಹಲಸಿನ ಮರ. ದಾರಿ ತೋರಿಸುವ ಹಿರಿಯರು ಅಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಆಮೇಲೆ ಮಾತು: "ಯಜಮಾನರೇ, ನಮ್ಮಪ್ಪ ಅಡಿಕೆ ಮೂಟೆ ಇಟ್ಟುಕೊಂಡು ಕಾಯುತ್ತಿದ್ದುದು ಇಲ್ಲೇ." ಪಕ್ಕದ ಮೋರಿಯ ಕಲ್ಲುಗಳು ಇಂದಿಗೂ ಒಂದಿಂಚು ಜರುಗಿಲ್ಲ. ಅಪ್ಪ ಬಗ್ಗಿ ಸಂದಿನಲ್ಲಿ ಬೆರಳಾಡಿಸಿದರು. ತರಗೆಲೆಯ ಅಡಿ ತುಕ್ಕು ಹಿಡಿದ ಮೊಳೆಯೊಂದು ಸಿಕ್ಕಿತು, ಸ್ಲೀಪರ್‌ಗೆ, ಅಂದರೆ ಹಳಿಯಡಿಯ ಅಡ್ಡತೊಲೆಗೆ, ಕಂಬಿ ಹಿಡಿಸುವಂಥದ್ದು. ಅಂಗೈಯಲ್ಲಿಟ್ಟು ತೂಗಿ ನೋಡಿ, ಇದ್ದಲ್ಲೇ ಇಟ್ಟರು. ಒಯ್ಯಬೇಡಿ ಎಂದು ಹಿರಿಯರು ಹೇಳುವ ಅಗತ್ಯವೇ ಬೀಳಲಿಲ್ಲ.

ಒಂದು ಅಂಕ ಕಳೆದದ್ದು ಫಲಕಕ್ಕೆ. "ಬ್ರಿಟಿಷರ ಕಾಲದ ರೈಲು" ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದಾರೆ. ಇದು ಮೈಸೂರು ಸಂಸ್ಥಾನದ ರೈಲು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ಮೇಲೆ, 1915ರಲ್ಲಿ, ಯಡೇಹಳ್ಳಿ ನರಸಿಂಹರಾಜಪುರವಾಯಿತು. ಟ್ರಾಮ್ ಕೂಡ ಹೆಚ್ಚುಕಡಿಮೆ ಆ ದಿನಗಳದ್ದೇ. ಅದರಲ್ಲಿ ತರೀಕೆರೆಗೆ ಬಂದರೆ ಬೀರೂರು–ಶಿವಮೊಗ್ಗ ಮೀಟರ್ ಗೇಜ್ (ಕಂಬಿಗಳ ನಡುವೆ ಒಂದು ಮೀಟರ್ ಅಂತರದ) ಗಾಡಿ ಸಿಗುತ್ತಿತ್ತು. ನಮ್ಮದೇ ಸಂಸ್ಥಾನ ಮಲೆನಾಡಿನ ಮೂಲೆಗೆ ರೈಲು ತಂದದ್ದನ್ನು ಬೇರೆಯವರ ಹೆಸರಿಗೆ ಬರೆಯುವುದು ನನಗೆ ನಿಜಕ್ಕೂ ನೋವಾಯಿತು. ಹೇಳಿದಾಗ ಮನೆಯವರು ಬೇಸರಿಸಲಿಲ್ಲ, ಸರಿಯಾದ ಸಾಲು ಬರೆದುಕೊಡಿ ಎಂದು ಕಾಗದ ತಂದರು. ಬರೆದುಕೊಟ್ಟು ಬಂದಿದ್ದೇನೆ.

ನಡಿಗೆಗೆ ಹಿಂದಿನ ಸಂಜೆಯೇ ಹೇಳಿಡಬೇಕು. ಮಳೆಗಾಲದಲ್ಲಿ ಇಂಬಳ (ಜಿಗಣೆ) ವಿಪರೀತ, ಆಗ ಹಿರಿಯರನ್ನು ಕರೆದೊಯ್ಯಬೇಡಿ. ಡಿಸೆಂಬರ್, ಜನವರಿಯಾದರೆ ಮಂಡಿ ನೋವಿನವರೂ ಧೈರ್ಯವಾಗಿ ಹೋಗಬಹುದು. ಅಪ್ಪ ಎರಡನೆಯ ದಿನವೂ ಹೋದರು.