ಲಂಗರೋ, ಧಕ್ಕೆಯೋ, ಮರೀನಾವೋ?

ಮಕ್ಕಳೊಡನೆ ಹಾಯಿದೋಣಿಯಲ್ಲೇ ಸಂಸಾರ ಹೂಡಿ ಬೇಸಿಗೆಯಲ್ಲಿ ಗ್ರೀಸಿನ ದ್ವೀಪಗಳ ನಡುವೆ ಸಾಗುವವರು ರಾತ್ರಿ ಎಲ್ಲಿ ತಂಗಬೇಕು ಎಂಬ ಪ್ರಶ್ನೆಗೆ ಮೂರು ಉತ್ತರಗಳಿವೆ: ಕೊಲ್ಲಿಯಲ್ಲಿ ಲಂಗರು, ಊರ ಧಕ್ಕೆ (ದೋಣಿ ಕಟ್ಟುವ ದಡದ ಕಟ್ಟೆ), ಇಲ್ಲವೇ ಮರೀನಾ (ಸೌಕರ್ಯಗಳಿರುವ ದೋಣಿ ತಂಗುದಾಣ).

ಖರ್ಚಿನ ಮಟ್ಟಿಗೆ ಹೇಳುವುದಾದರೆ, ಕೊಲ್ಲಿಯಲ್ಲಿ ಲಂಗರು ಹಾಕುವುದು ಬಹುತೇಕ ಕಡೆ ಉಚಿತ, ಊರ ಧಕ್ಕೆಯ ಶುಲ್ಕ ಸಾಮಾನ್ಯವಾಗಿ ಅಲ್ಪ. ಮರೀನಾದ ದರ ಮಾತ್ರ ದೋಣಿಯ ಉದ್ದಕ್ಕೆ ತಕ್ಕಂತೆ ಏರುತ್ತದೆ.

ಸುರಕ್ಷತೆಯ ವಿಷಯ ಇಷ್ಟು ಸರಳವಲ್ಲ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ದಿನಗಟ್ಟಲೆ ಬೀಸುವ ಮೆಲ್ಟೆಮಿ ಗಾಳಿ, ದ್ವೀಪದ ಮರೆಯಲ್ಲಿರುವ ಕೊಲ್ಲಿಗೂ ಗುಡ್ಡದಿಂದ ರಭಸವಾಗಿ ಧುಮುಕುವುದರಿಂದ, 5 ಮೀಟರ್ ಆಳಕ್ಕೆ ಕನಿಷ್ಠ 25 ಮೀಟರ್ ಸರಪಳಿ ಬಿಡಬೇಕು. ನೀರಿನಡಿ ತಿಳಿಬಣ್ಣ ಕಂಡರೆ ಮರಳು. ಕಪ್ಪಾಗಿ ಕಂಡರೆ ಹೆಚ್ಚಾಗಿ ಪೊಸಿಡೋನಿಯಾ ಎಂಬ ಕಡಲಹುಲ್ಲು, ಅದರಲ್ಲಿ ಲಂಗರು ಸುಲಭವಾಗಿ ಕಚ್ಚುವುದಿಲ್ಲ, ಹುಲ್ಲೂ ಕಿತ್ತುಹೋಗುತ್ತದೆ. ಈಜುಗನ್ನಡಕ ತೊಟ್ಟು ಮುಳುಗಿ, ಲಂಗರು ಕಚ್ಚಿದೆಯೇ ಎಂದು ನೋಡಿಬಿಡುವುದು ಉತ್ತಮ. ದೊಡ್ಡ ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ. ಧಕ್ಕೆಯಲ್ಲಿ ಮುಂದೆ ಲಂಗರು ಬಿಟ್ಟು ಹಿಂಭಾಗವನ್ನು ದಡಕ್ಕೆ ಕಟ್ಟುವುದು ರೂಢಿ, ಹೀಗಾಗಿ ನೆರೆಯವರ ಸರಪಳಿ ನಿಮ್ಮದರ ಮೇಲೆ ಬಿದ್ದು ಬೆಳಗಿನ ಹೊರಡುವಿಕೆಯೇ ರಗಳೆಯಾಗಬಹುದು.

ನಿದ್ದೆಗೆ ಲಂಗರೇ ಮೇಲು: ದೋಣಿ ತಾನಾಗಿ ಗಾಳಿಗೆ ಮುಖ ಮಾಡುವುದರಿಂದ ಮೂತಿಯ ಕಿಂಡಿಯಿಂದ ತಂಪು ಒಳಬರುತ್ತದೆ. ಮರೀನಾದಲ್ಲಿ ಸೆಕೆ ಹೆಚ್ಚಾದರೂ ನೀರು, ವಿದ್ಯುತ್ ಕೈಗೆಟಕುತ್ತವೆ.

ಈಜು ಬಲ್ಲ ಮಕ್ಕಳೂ ಸೌರಫಲಕಗಳೂ ಇದ್ದರೆ ಕೊಲ್ಲಿಯನ್ನೇ ನೆಚ್ಚಬಹುದು. ದಿನಸಿ ತುಂಬಿಸಬೇಕಾದ ದಿನಕ್ಕೆ ಧಕ್ಕೆ ಸಾಕು. ಹಸುಗೂಸಿರುವವರು, ಅಥವಾ ಮುನ್ಸೂಚನೆಯಲ್ಲಿ ಬಿರುಗಾಳಿ ಕಂಡವರು, ಹಣ ಹೋದರೂ ಸರಿಯೆಂದು ಮರೀನಾದಲ್ಲಿ ಮುಂಚಿತವಾಗಿ ಜಾಗ ಕಾದಿರಿಸುವುದು ಒಳ್ಳೆಯದು.