ಹಾಸನದ ನಾಲ್ಕು ಭಾನುವಾರಗಳ ಗ್ರೀಕ್ ತರಗತಿ: ಪಾಠಕ್ಕೆ ಪೂರ್ಣ ಅಂಕ, ಸಭಾಂಗಣಕ್ಕೆ ಅರ್ಧ

ಪ್ರಾಚೀನ ಗ್ರೀಕ್ ನಗರಗಳ ಸಾರ್ವಜನಿಕ ಸ್ಥಳಗಳು ಅಲ್ಲಿನ ರಾಜಕೀಯವನ್ನು ಹೇಗೆ ರೂಪಿಸಿದವು ಎಂಬ ವಿಷಯವಾಗಿ ಹಾಸನದ ಖಾಸಗಿ ಅಧ್ಯಯನ ಕೇಂದ್ರವೊಂದು ನಡೆಸಿದ ತರಗತಿಗೆ ರೂ. 800 ಕಟ್ಟಿ, ನಾಲ್ಕು ಭಾನುವಾರವೂ ತಪ್ಪದೆ ಹೋಗಿದ್ದೆ. ಕಟ್ಟಿದ ಹಣಕ್ಕೆ ಮೋಸವಾಗಲಿಲ್ಲ.

ಎರಡನೆಯ ವಾರದ ಪಾಠವೊಂದೇ ಶುಲ್ಕಕ್ಕೆ ಸಮ. ಅಥೆನ್ಸ್‌ನ ಜನಸಭೆ ಸೇರುತ್ತಿದ್ದ ಪ್ನಿಕ್ಸ್ ಗುಡ್ಡದ ನಕ್ಷೆಯನ್ನು ಮೇಷ್ಟ್ರು ಹಲಗೆಯ ಮೇಲೆ ತಾವೇ ಬರೆದು ವಿವರಿಸಿದರು. ಮೊದಲಿಗೆ ಜನರು ಸಹಜ ಇಳಿಜಾರಿನಲ್ಲಿ ಅಗೋರಾದ ಕಡೆಗೆ, ಅಂದರೆ ಊರಿನ ಚೌಕದ ಕಡೆಗೆ ಮುಖಮಾಡಿ ಕೂರುತ್ತಿದ್ದರು, ಕ್ರಿ.ಪೂ. 400ರ ಸುಮಾರಿಗೆ ತಡೆಗೋಡೆ ಕಟ್ಟಿ, ಮಣ್ಣು ತುಂಬಿ, ಇಡೀ ವ್ಯವಸ್ಥೆಯನ್ನೇ ತಿರುಗಿಸಲಾಯಿತು. ಭಾಷಣಕಾರನ ಕಣ್ಣಿಗೆ ಸಮುದ್ರ ಬೀಳಬಾರದೆಂದು, ನೌಕಾಬಲವೇ ಜನಪ್ರಭುತ್ವದ ತಾಯಿಯೆಂದು ಅಂಜಿದ, ಜನಪ್ರಭುತ್ವವನ್ನು ಕೆಡವಿ ಅಥೆನ್ಸನ್ನು ಕೆಲಕಾಲ ಆಳಿದ ಮೂವತ್ತು ಮಂದಿಯ ಗುಂಪು ಹೀಗೆ ಮಾಡಿಸಿತೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಉತ್ತರದ ಗಾಳಿಗೆ ಮರೆಯಾಗಲೆಂದು ತಿರುಗಿಸಿರಬಹುದೆಂಬ ಸರಳ ವಿವರಣೆಯೂ ಇದೆ. ನನಗೆ ಒಪ್ಪಿಗೆಯಾದದ್ದು ಅದೇ. ಆ ಮೊದಲ ಇಳಿಜಾರಿನಲ್ಲಿ ಸುಮಾರು 6,000 ಜನ ಹಿಡಿಸುತ್ತಿದ್ದರು, ಕೆಲವು ಮಹತ್ವದ ನಿರ್ಣಯಗಳಿಗೆ ಬೇಕಾಗಿದ್ದ ಕನಿಷ್ಠ ಸಂಖ್ಯೆಯೂ 6,000 ಎಂಬುದನ್ನು ಅವರು ಪಕ್ಕಪಕ್ಕದಲ್ಲಿ ಬರೆದಾಗ ಹಿಂದಿನ ಬೆಂಚಿನವರೂ ಪೆನ್ನು ತೆಗೆದರು.

ಅಗೋರಾದ ಪಾಠವೂ ಸೊಗಸಾಗಿತ್ತು. ಗಡಿಕಲ್ಲುಗಳಿದ್ದ ಆ ಚೌಕದೊಳಕ್ಕೆ ಕೆಲವು ಬಗೆಯ ಅಪರಾಧಿಗಳು ಕಾಲಿಡುವಂತಿರಲಿಲ್ಲ. ಹತ್ತು ಕುಲಗಳಿಂದ ತಲಾ 50ರಂತೆ ಚೀಟಿ ಎತ್ತಿ ಆರಿಸಿದ 500 ಜನರ ಮಂಡಳಿಯಲ್ಲಿ, ಸರದಿಯ 50 ಜನ ಅಲ್ಲಿನ ದುಂಡು ಕಟ್ಟಡದಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಅವರಲ್ಲಿ ಮೂರರಲ್ಲೊಂದು ಪಾಲು ಜನ ರಾತ್ರಿಯೂ ಅಲ್ಲೇ ಉಳಿಯುತ್ತಿದ್ದುದರಿಂದ ಸರ್ಕಾರಕ್ಕೆ ಬಾಗಿಲು ಹಾಕಿದ ಹೊತ್ತೇ ಇರಲಿಲ್ಲ. ಸಭೆಗೆ ಹೋಗದೆ ಚೌಕದಲ್ಲಿ ಹರಟೆ ಹೊಡೆಯುವವರನ್ನು ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಗುಡ್ಡದತ್ತ ಅಟ್ಟುತ್ತಿದ್ದರೆಂಬ ಸಂಗತಿಗೆ ತರಗತಿಯೆಲ್ಲ ನಕ್ಕಿತು.

ಮೇಷ್ಟ್ರು ಅಗೋರಾವನ್ನು ನಮ್ಮ ಅರಳಿಕಟ್ಟೆಗೆ ಹೋಲಿಸಿದ್ದು ಮಾತ್ರ ನನಗೆ ಸರಿಬೀಳಲಿಲ್ಲ. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬುದು ನಮ್ಮ ಊರುಗಳಲ್ಲಿ ಮೊದಲೇ ಗೊತ್ತಾಗಿರುತ್ತಿತ್ತು. ಅಥೆನ್ಸ್‌ನಲ್ಲಿ ಆ ಗೆರೆಯನ್ನು ಎಳೆದದ್ದು ಸಭೆಯ ಹೊರಗೆ, ಹೆಂಗಸರನ್ನೂ ಗುಲಾಮರನ್ನೂ ಪರಊರಿನಿಂದ ಬಂದು ನೆಲೆಸಿದವರನ್ನೂ ಒಳಗೇ ಬಿಡದೆ. ಈ ಮಾತಿಗೆ ನಾಲ್ಕು ವಾರಗಳಲ್ಲಿ ಐದು ನಿಮಿಷವೂ ಸಿಗಲಿಲ್ಲ. ಸಭೆಯ ಕೂಗಿನ ಜೋರು ನೋಡಿ ನಿರ್ಣಯಿಸುತ್ತಿದ್ದ ಇನ್ನೊಂದು ಗ್ರೀಕ್ ನಗರ ಸ್ಪಾರ್ಟಾದ ಪಾಠವೂ ಅವಸರದಲ್ಲಿ ಮುಗಿಯಿತು. ಕೋಟೆಗುಡ್ಡ ಒಬ್ಬನ ಇಲ್ಲವೇ ಕೆಲವರ ಆಳ್ವಿಕೆಗೆ, ಸಮತಟ್ಟು ನೆಲ ಜನಪ್ರಭುತ್ವಕ್ಕೆ ಹೊಂದುತ್ತದೆಂಬ ಅರಿಸ್ಟಾಟಲ್‌ನ ಮಾತನ್ನು ಕೊನೆಯ ದಿನದ ಬದಲು ಮೊದಲ ದಿನವೇ ಹೇಳಬೇಕಿತ್ತು.

ದೊಡ್ಡ ಕೊರತೆ ಸಭಾಂಗಣದ್ದು. ವೇದಿಕೆ ಎದೆಮಟ್ಟದ ಎತ್ತರ, ಬೆಂಚುಗಳನ್ನು ನೆಲಕ್ಕೆ ಬಿಗಿದಿದ್ದಾರೆ, ಮೈಕು ಒಂದೇ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮುಂದಕ್ಕೆ ದಾಟಿಸಬೇಕು. ಎದ್ದು ನಿಂತು ಮಾತನಾಡುವ ಹಕ್ಕಿನ ಪಾಠವನ್ನು ಹೀಗೆ ಬಾಯಿ ಕಟ್ಟಿ ಕೇಳಬೇಕಾಯಿತು. ನನ್ನ ಮೂರು ಚೀಟಿಗಳಲ್ಲಿ ಎರಡು ವೇದಿಕೆ ತಲುಪಲೇ ಇಲ್ಲ.

ಮುಂದಿನ ತಂಡಕ್ಕೆ ಸೇರುವವರು ಅರ್ಧ ಗಂಟೆ ಮೊದಲೇ ಹೋಗಿ ಎಡಗಡೆಯ ಮುಂದಿನ ಎರಡು ಸಾಲುಗಳನ್ನು ಹಿಡಿಯುವುದು ಒಳ್ಳೆಯದು; ಬಲಗಡೆ ಕೂತರೆ ಹಲಗೆಗೆ ಕಂಬ ಅಡ್ಡ ಬರುತ್ತದೆ.