ಹಳೆ ಮಿನಿವ್ಯಾನ್‌ಗೆ ಬೆಲೆ ಹೇಳುವ ವೆಬ್‌ಸೈಟುಗಳು: ವರ್ಷಗಟ್ಟಲೆ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 3. ನಾಲ್ಕೈದು ವರ್ಷದ ಕಾರಿಗಾದರೆ 4 ಕೊಡುತ್ತಿದ್ದೆ. ಹತ್ತು ವರ್ಷ ದಾಟಿದ ಮಿನಿವ್ಯಾನ್‌ಗೆ 3 ಕೊಟ್ಟಿದ್ದೇ ಜಾಸ್ತಿ ಆಯಿತೇನೋ.

ನಮ್ಮ ಏಳು ಸೀಟಿನ ವ್ಯಾನ್ ಮನೆಗೆ ಬಂದಾಗಲೇ ಸೆಕೆಂಡ್ ಹ್ಯಾಂಡ್. ಪ್ರತಿ ಸಲ ಇನ್ಶೂರೆನ್ಸ್ ಕಟ್ಟುವ ಹೊತ್ತಿಗೆ ಅದರ ಬೆಲೆ ಈಗ ಎಷ್ಟಿದೆ ಅಂತ ನೋಡುವುದು ನನಗೊಂದು ಚಟ. ಯಾವ ವೆಬ್‌ಸೈಟಿಗೆ ಹೋದರೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆ: ಯಾವ ಮಾಡೆಲ್, ಯಾವ ವರ್ಷ, ಎಷ್ಟು ಓಡಿದೆ, ಕಂಡೀಷನ್ ಹೇಗಿದೆ. ಎರಡು ನಿಮಿಷದ ಕೆಲಸ, ದುಡ್ಡು ಬೇಡ. ಗಾಡಿ ಹೊಸದಿದ್ದಾಗ ಇಷ್ಟು ಸಾಕು ಕೂಡ. ಒಂದೇ ವರ್ಷದ, ಒಂದೇ ಅಷ್ಟು ಓಡಿದ ಎರಡು ಗಾಡಿಗಳ ನಡುವೆ ಆಗ ಅಂಥ ವ್ಯತ್ಯಾಸ ಇರುವುದಿಲ್ಲ.

ಹಳೆಯದಾದ ಮೇಲೆ ಕಥೆ ಬೇರೆ. ಹೊರಗಿನಿಂದ ಎರಡೂ ವ್ಯಾನ್ ಒಂದೇ ಥರ ಕಾಣುತ್ತವೆ. ಆದರೆ ಮುಂದಿನ ವರ್ಷ ಒಂದಕ್ಕೆ ಬರೀ ಆಯಿಲ್ ಖರ್ಚು, ಇನ್ನೊಂದಕ್ಕೆ ಗೇರ್‌ಬಾಕ್ಸ್. ಕೊಳ್ಳುವವರು ತಲೆ ಕೆಡಿಸಿಕೊಳ್ಳುವುದು ಇದಕ್ಕೇ: ಮನೆಗೆ ತಂದ ಮೇಲೆ ಇನ್ನೆಷ್ಟು ಸುರಿಯಬೇಕು? ಈ ಪ್ರಶ್ನೆಯನ್ನು ವೆಬ್‌ಸೈಟ್ ಕೇಳುವುದೇ ಇಲ್ಲ.

ಟೊಯೊಟಾ ಸಿಯೆನಾವನ್ನೇ ನೋಡಿ. 2004ರಿಂದ 2006ರವರೆಗಿನ ಮಾಡೆಲ್‌ಗಳಲ್ಲಿ 3.3 ಲೀಟರ್ ಎಂಜಿನ್, ಅದಕ್ಕೆ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ರಬ್ಬರ್ ಪಟ್ಟಿ. 2007ಕ್ಕೆ 3.5 ಲೀಟರ್ ಎಂಜಿನ್ ಬಂತು, ಅದಕ್ಕೆ ಅದೇ ಕೆಲಸ ಮಾಡುವ ಲೋಹದ ಚೈನ್. ಬೆಲ್ಟ್ ಅಂದರೆ ಅವಧಿ ಮುಗಿದಾಗ ಬದಲಿಸಲೇಬೇಕು. ಚೈನ್‌ಗೆ ಅಂಥ ಅವಧಿಯಿಲ್ಲ, ಆಯಿಲ್ ಸರಿಯಾಗಿ ಬದಲಿಸುತ್ತಿದ್ದರೆ ಸಾಮಾನ್ಯವಾಗಿ ಎಂಜಿನ್ ಇರುವಷ್ಟು ದಿನ ಬಾಳುತ್ತದೆ. ಹೋಂಡಾ ಒಡಿಸ್ಸಿಯ ವಿ6 ಎಂಜಿನ್‌ಗೂ ಬೆಲ್ಟೇ. ಸುಮಾರು 1,60,000 ಕಿಲೋಮೀಟರ್ ಹೊತ್ತಿಗೆ ಬದಲಿಸುವ ಕೆಲಸ ಬರುತ್ತದೆ. ಬಿಚ್ಚಿದ ಮೇಲೆ ಬಿಚ್ಚಿದ್ದಾಯಿತು ಅಂತ ವಾಟರ್ ಪಂಪನ್ನೂ ಅದರ ಜೊತೆಗೇ ಹಾಕಿಸುತ್ತಾರೆ. ಹಾಗಾಗಿ 1,50,000 ಓಡಿದ ವ್ಯಾನ್‌ಗಿಂತ, ಬೆಲ್ಟ್ ಬದಲಿಸಿದ ಬಿಲ್ ಇರುವ 1,70,000 ಓಡಿದ ವ್ಯಾನ್ ಎಷ್ಟೋ ಸಲ ಒಳ್ಳೆ ವ್ಯಾಪಾರ. ಆದರೆ ವೆಬ್‌ಸೈಟಿನ ಲೆಕ್ಕದಲ್ಲಿ ಕಡಿಮೆ ಓಡಿದ್ದೇ ಮೇಲು. ಬೆಲ್ಟ್ ಬದಲಿಸಿದ್ದೀರಾ ಅಂತ ಕೇಳಿದ ಒಂದು ಫಾರಂ ಕೂಡ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಮಿನಿವ್ಯಾನ್‌ಗೇ ವಿಶೇಷವಾದ ತಲೆನೋವುಗಳಿವೆ. ಮೊದಲನೆಯದು ಜಾರುವ ಬಾಗಿಲು. ಬಟನ್ ಒತ್ತಿದರೆ ತೆರೆಯುವ ಬಾಗಿಲಿದ್ದರೆ ಒಳಗೆ ಮೋಟರ್, ಅದು ಎಳೆಯುವ ಕೇಬಲ್, ಹಳಿಯ ಮೇಲೆ ಓಡುವ ರೋಲರ್ ಎಲ್ಲ ಇರುತ್ತವೆ. ವರ್ಷಗಟ್ಟಲೆ ಮಕ್ಕಳು ಎಳೆದಾಡಿದ ಬಾಗಿಲು ಅದು. ನಾನು ಪರೀಕ್ಷೆ ಮಾಡುವುದು ಹೀಗೆ: ಮೋಟರಿನ ಸ್ವಿಚ್ ಆಫ್ ಮಾಡಿ, ಕೈಯಿಂದ ನಿಧಾನಕ್ಕೆ ಪೂರ್ತಿ ಹಿಂದಕ್ಕೆ ಎಳೆಯಬೇಕು. ನಡುವೆ ಎಲ್ಲಾದರೂ ತಡೆದರೆ ರೋಲರ್ ಸವೆದಿದೆ ಅಥವಾ ಹಳಿಯಲ್ಲಿ ಕಸ ಸೇರಿದೆ. ಕೈಯಲ್ಲಿ ಸಲೀಸಾಗಿ ಜಾರಿ, ಬಟನ್ ಒತ್ತಿದಾಗ ಮಾತ್ರ ಒದ್ದಾಡಿದರೆ ಕೇಬಲ್ ಅಥವಾ ಮೋಟರಿನ ಕಡೆ ಅನುಮಾನ. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ಒಳ್ಳೆ ದುಬಾರಿ. ಹಾಗೇ ಬಗ್ಗಿ ಬಾಗಿಲ ಕೆಳಗಿನ ಹಳಿ ನೋಡಿ. ಅಲ್ಲಿ ನೀರು ನಿಂತು ತುಕ್ಕು ಹಿಡಿದಿದ್ದರೆ ಮೇಲಿನ ಬಣ್ಣ ಎಷ್ಟು ಮಿಂಚಿದರೂ ಪ್ರಯೋಜನವಿಲ್ಲ.

ಎರಡನೆಯದು ಹಿಂದಿನ ಸಾಲಿನ ಎ.ಸಿ. ಎಂಜಿನ್ ಇರುವುದು ಮುಂದೆ, ತಂಪು ಬೇಕಿರುವುದು ಹಿಂದೆ. ಆ ಉದ್ದದ ಪೈಪುಗಳು ಎಷ್ಟೋ ವ್ಯಾನ್‌ಗಳಲ್ಲಿ ಗಾಡಿಯ ಹೊಟ್ಟೆಯ ಕೆಳಗೇ ಹೋಗುತ್ತವೆ, ರಸ್ತೆಯ ನೀರು ಕೆಸರು ಬಡಿದು ಸವೆದು ತೂತಾಗುತ್ತವೆ. ಮಾರುವವರು ಸುಮ್ನೆ ಗ್ಯಾಸ್ ತುಂಬಿಸಿಟ್ಟಿದ್ದರೆ ನೋಡಲು ಬಂದ ದಿನ ತಣ್ಣಗೇ ಇರುತ್ತದೆ. ತಿಂಗಳಾದ ಮೇಲೆ ಬಣ್ಣ ಬಯಲು.

ಮೂರನೆಯದು ಕೇಳಿದರೆ ನಗು ಬರಬಹುದು: ಸೀಟು. ಮಧ್ಯದ ಸಾಲಿನ ಸೀಟುಗಳನ್ನು ಬಿಚ್ಚಿ ಹೊರಗಿಡಬಹುದಾದ ವ್ಯಾನ್‌ಗಳಲ್ಲಿ, ಸಾಮಾನು ಸಾಗಿಸಲು ಅಂತ ತೆಗೆದವರು ಮತ್ತೆ ಹಾಕುವುದೇ ಇಲ್ಲ. ಮನೆ ಬದಲಾಯಿಸುವಾಗ ಅವು ಎಲ್ಲೋ ಹೋಗುತ್ತವೆ. ಏಳು ಸೀಟಿಗಾಗಿಯೇ ಬರುವ ಗಿರಾಕಿಗೆ ಐದು ಸೀಟಿನ ವ್ಯಾನ್ ತೋರಿಸಿ ಏಳರ ಬೆಲೆ ಹೇಳಲು ಆಗುತ್ತದಾ?

ಈಗ ನನ್ನ ಲೆಕ್ಕ. ವೆಬ್‌ಸೈಟಿನ ಅಂಕಿಯನ್ನು ಬರೀ ಶುರು ಮಾಡುವ ಜಾಗ ಅಂತ ಇಟ್ಟುಕೊಳ್ಳುತ್ತೇನೆ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ, ಮಾರಿದ ಬೆಲೆ ಅಲ್ಲ. ಹಾಗಾಗಿ ನಮ್ಮದರಂಥ ವ್ಯಾನ್‌ಗಳ ಜಾಹೀರಾತನ್ನು ಕೆಲವು ವಾರ ಗಮನಿಸುತ್ತೇನೆ. ಬೇಗ ಮಾಯವಾದವು ಬೆಲೆ ಸರಿ ಹೇಳಿದ್ದವು, ಪದೇ ಪದೇ ಇಳಿಸಿಕೊಂಡು ಕೂತವು ಜಾಸ್ತಿ ಹೇಳಿದ್ದವು. ಒಳ್ಳೆ ಸ್ಥಿತಿಯ ವ್ಯಾನ್ 100ಕ್ಕೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಬೆಲ್ಟ್‌ಗೆ 12, ಟೈರ್‌ಗೆ 10, ಹಿಂದಿನ ಎ.ಸಿ.ಗೆ 15 ಆಗುವುದಾದರೆ, ಆ ಕೆಲಸಗಳೆಲ್ಲ ಬಾಕಿ ಇರುವ ವ್ಯಾನ್‌ನ ಬೆಲೆ 63ರ ಸುತ್ತಮುತ್ತ. ಅನುಮಾನಕ್ಕೆ ಅಂತ ಗಿರಾಕಿ ಇನ್ನೊಂದಿಷ್ಟು ಕಡಿಮೆ ಕೇಳುತ್ತಾರೆ, ಅದು ಅವರ ಹಕ್ಕು.

ಹಾಗಾದರೆ ಎಲ್ಲ ರಿಪೇರಿ ಮಾಡಿಸಿ 100ಕ್ಕೇ ಮಾರಬಹುದಲ್ವಾ? ಆಗುವುದಿಲ್ಲ. ಬೋಳಾದ ಟೈರಿಗೆ 10 ಕಡಿಯುವ ಗಿರಾಕಿ ಹೊಸ ಟೈರಿಗೆ 10 ಸೇರಿಸಿ ಕೊಡುವುದಿಲ್ಲ. ಹಳೆ ಗಾಡಿಗೆ ಟೈರ್ ಇರಲೇಬೇಕು, ಅದಕ್ಕೇನು ವಿಶೇಷ ಅಂತಾರೆ. ದೊಡ್ಡ ಕೆಲಸಗಳನ್ನು ಮಾಡಿಸದೆ, ಗ್ಯಾರೇಜಿನಿಂದ ಅಂದಾಜು ಪಟ್ಟಿ ಬರೆಸಿ ತೋರಿಸುವುದು ಮೇಲು ಅಂತ ನನ್ನ ಅಭಿಪ್ರಾಯ. ಪಟ್ಟಿ ಇಲ್ಲದಿದ್ದರೆ ಗಿರಾಕಿ ಮನಸ್ಸಿನಲ್ಲೇ ದುಪ್ಪಟ್ಟು ಹಾಕಿಕೊಳ್ಳುತ್ತಾರೆ. ಅಂದಹಾಗೆ, ಟೈರಿನ ವಯಸ್ಸು ಅದರ ಮೇಲೇ ಇರುತ್ತದೆ. ಪಕ್ಕದಲ್ಲಿ ಒತ್ತಿರುವ, DOT ಅಂತ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ, 2019ರ 23ನೇ ವಾರ ತಯಾರಾಗಿದ್ದು.

ಕೂತಲ್ಲೇ ಬೆಲೆ ಹೇಳಿ ತಾವೇ ಕೊಳ್ಳುವ ಒಂದು ಸೇವೆಯನ್ನೂ ಬಳಸಿದೆ. ಪರದೆ ಮೇಲೆ ಬಂದ ಬೆಲೆ ನೋಡಿ ಖುಷಿಯಾಯಿತು. ಪರಿಶೀಲನೆಗೆ ಬಂದ ಹುಡುಗ ಗಾಡಿಗೆ ಒಂದು ಸುತ್ತು ಹಾಕಿ, ಗೀರು ತಗ್ಗುಗಳ ಫೋಟೊ ಹಿಡಿದ. ಬೆಲೆ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಬಾಗಿಲು ಎಳೆದು ನೋಡಲಿಲ್ಲ, ಬಿಲ್‌ಗಳ ಫೈಲ್ ಕೊಟ್ಟರೆ ತೆರೆಯಲೂ ಇಲ್ಲ. ಅವರೂ ರಿಪೇರಿ ಮಾಡಿಸಿ ಲಾಭ ಇಟ್ಟು ಮಾರಬೇಕು, ಕಡಿಮೆ ಕೊಡುವುದು ಸಹಜ. ನನ್ನ ಸಿಟ್ಟು ಮೊದಲು ಆಸೆ ಹುಟ್ಟಿಸಿದ್ದಕ್ಕೆ. ನಾಳೆಯೇ ಗಾಡಿ ಹೋಗಬೇಕು ಅನ್ನುವವರಿಗೆ ಮಾತ್ರ ಇದು ಸರಿ.

ಇಷ್ಟಿದ್ದೂ 3 ಏಕೆ ಅಂದರೆ, ಒಂದು ವಿಷಯದಲ್ಲಿ ಈ ವೆಬ್‌ಸೈಟುಗಳು ನಿಜಕ್ಕೂ ಉಪಯೋಗಕ್ಕೆ ಬಂದವು. ಪ್ರತಿ ವರ್ಷ ನೋಡುತ್ತಾ ಬಂದಿದ್ದರಿಂದ ಇಳಿತದ ವೇಗ ಗೊತ್ತಾಯಿತು. ಮೊದಲು ದಡದಡ ಬಿದ್ದ ಬೆಲೆ, ಹತ್ತು ವರ್ಷ ದಾಟಿದ ಮೇಲೆ ನಿಧಾನವಾಯಿತು. ಈಗ ಇನ್ನೊಂದು ವರ್ಷ ಇಟ್ಟುಕೊಂಡರೆ ಕಳೆಯುವುದು ಅಷ್ಟಕ್ಕಷ್ಟೇ. ಆದ್ದರಿಂದ ಮಾರಬೇಕೋ ಬೇಡವೋ ಅನ್ನುವುದನ್ನು ಆ ಅಂಕಿ ನೋಡಿ ನಾನು ತೀರ್ಮಾನ ಮಾಡುವುದಿಲ್ಲ. ಮುಂದಿನ ದೊಡ್ಡ ಕೆಲಸ ಯಾವಾಗ ಬರುತ್ತದೆ ಅಂತ ನೋಡುತ್ತೇನೆ. ನಮ್ಮದಕ್ಕೆ ಬೆಲ್ಟ್ ಆಗಿದೆ, ಗೇರ್‌ಬಾಕ್ಸ್ ಆಯಿಲ್ ಇನ್ನೂ ಕೆಂಪಗಿದೆ, ಸುಟ್ಟ ವಾಸನೆ ಇಲ್ಲ. ಎಡಗಡೆ ಬಾಗಿಲಿನ ರೋಲರ್ ಹಾಕಿಸಿ ಇನ್ನೊಂದು ವರ್ಷ ಓಡಿಸುತ್ತೇವೆ.